ಮಾರಿಯೊ ಮೊನಿಚೆಲ್ಲಿ: ಮಾಜಿ ಸೈನಿಕರಿರೋ ಸಭೆಗೆ ಯಾವ ಎರಡು ಚಿತ್ರ?

ಮಳೆಗಾಲದ_ಮಡಿಕೇರಿ:
ಕಕ್ಕಡ ತಿಂಗಳು ಮುಗಿದು ನಾಟಿ ಕೆಲಸ ಇಳಿದ ಮೇಲೆ, ಎರಡು ಭಾನುವಾರ ಇಟಲಿಯ ಹಾಸ್ಯ ನಿರ್ದೇಶಕ ಮೊನಿಚೆಲ್ಲಿಯ ಚಿತ್ರ ತೋರಿಸೋ ಯೋಚನೆ ಇದೆ. ಬರೋರಲ್ಲಿ ಅರ್ಧಕ್ಕರ್ಧ ಮಾಜಿ ಸೈನಿಕರು. ಮೊದಲ ಮಹಾಯುದ್ಧದ ಮೇಲಿನ 'ಲಾ ಗ್ರಾಂದೆ ಗುಯೆರ್ರಾ' ಸೈನಿಕರನ್ನ ಗೇಲಿ ಮಾಡುತ್ತೆ ಅಂತ ಒಬ್ಬರ ಆಕ್ಷೇಪ. ಹೌದಾ? ಚಿತ್ರಕ್ಕೆ ಮೊದಲು ಹತ್ತು ನಿಮಿಷ ಮೊನಿಚೆಲ್ಲಿ ಬಗ್ಗೆ ಏನು ಹೇಳಬೇಕು? ಇನ್ನೊಂದು: ನಾವೇ ಮಾಡಿದ ಕನ್ನಡ ಸಬ್‌ಟೈಟಲ್ ಶುರುವಲ್ಲಿ ಸರಿ ಇರುತ್ತೆ, ಕೊನೆಗೆ ನಿಮಿಷಗಟ್ಟಲೆ ಹಿಂದೆ ಬೀಳುತ್ತೆ.

ಹಳೇ_ರೀಲು:
ಮೊದಲ ವಾರ ದರೋಡೆಗೆ ಹೊರಟವರ ಹಾಸ್ಯ 'ಇ ಸೋಲಿತಿ ಇನ್ಯೋತಿ' (1958), ಎರಡನೇ ವಾರ 'ಗ್ರಾಂದೆ ಗುಯೆರ್ರಾ' (1959). ಈ ಕ್ರಮ ತಿರುಗಿಸಬೇಡಿ.

ಪರಿಚಯಕ್ಕೆ ಇಷ್ಟು ಸಾಕು. ಹುಟ್ಟಿದ್ದು 1915. ನಿರ್ದೇಶಕನಾಗಿ ನೆಲೆ ಸಿಕ್ಕಿದ್ದು ಸ್ತೇನೊ ಎಂಬ ಇನ್ನೊಬ್ಬ ನಿರ್ದೇಶಕನ ಜೊತೆ ಸೇರಿ, ಟೊಟೊ ಎಂಬ ಮಹಾ ಹಾಸ್ಯನಟನ ಚಿತ್ರಗಳಲ್ಲಿ. 'ಗ್ವಾರ್ದಿಯೆ ಎ ಲಾದ್ರಿ' (1951) ನೋಡಿ: ಓಡೋ ಕಳ್ಳ, ಏದುಸಿರು ಬಿಡುತ್ತಾ ಅಟ್ಟಿಸೋ ದಪ್ಪ ಪೊಲೀಸ್, ಇಬ್ಬರಿಗೂ ಮನೆ ತುಂಬಾ ಸಂಸಾರ. ಬಡತನ, ಭಯ, ಸಾವು ಇವನ್ನ ಪಕ್ಕಕ್ಕಿಡದೆ ನಗಿಸೋದು ಇವರ ಕಸುಬು. 1958ರ ಚಿತ್ರದಲ್ಲಿ ಅದು ಪೂರ್ತಿ ಪಳಗಿದೆ.

ಅದರಲ್ಲಿ ನಟ ಮಾಸ್ತ್ರೊಯಾನ್ನಿಯ ಪಾತ್ರ ಗಮನಿಸಲು ಹೇಳಿ. ಹೆಂಡತಿ ಜೈಲಲ್ಲಿ, ಕಂಕುಳಲ್ಲಿ ಕೂಸು, ಆಮೇಲೆ ಕೈಗೂ ಪಟ್ಟಿ; ಅಂಥವನು ದರೋಡೆಗೆ ಹೊರಟವನು. ಟೊಟೊ ತಾರಸಿ ಮೇಲೆ ತಿಜೋರಿ ಒಡೆಯೋ ಪಾಠವನ್ನ ಮೇಷ್ಟ್ರ ಗತ್ತಲ್ಲೇ ಮಾಡ್ತಾನೆ. ಗಾಸ್ಮನ್ ಅಲ್ಲಿಯವರೆಗೆ ದುರಂತ ನಾಟಕಗಳ ಗಂಭೀರ ನಟ. ಕೂದಲ ಗೆರೆ ಹಣೆಗಿಳಿಸಿ, ಮೂಗಿನ ಆಕಾರ ಬದಲಿಸಿ, ಮಾತಿಗೆ ತೊದಲು ಕೊಟ್ಟು ಅವನನ್ನ ಹಾಸ್ಯಕ್ಕೆ ಎಳೆದದ್ದು ಮೊನಿಚೆಲ್ಲಿ. ಅಜೆ, ಸ್ಕಾರ್ಪೆಲ್ಲಿ, ಸುಸೊ ಚೆಕ್ಕಿ ದಾಮಿಕೊ ಇವರ ಹೆಸರೂ ಹೇಳಲೇಬೇಕು. ಚಿತ್ರಕಥೆಯ ಬಲ ಅವರದ್ದು.

ದಂಡಿನ_ದಾರಿ:
ಆಕ್ಷೇಪ ಎತ್ತಿದ ಹಿರಿಯರಿಗೆ ಇದನ್ನ ತಿಳಿಸಿ ಸರ್. ಇಟಲಿಯಲ್ಲೂ ಚಿತ್ರೀಕರಣ ಶುರುವಾಗೋ ಮೊದಲೇ ಪತ್ರಿಕೆಗಳಲ್ಲಿ ಇದೇ ಗಲಾಟೆ ಎದ್ದಿತ್ತು. ಆಮೇಲೆ ವೆನಿಸ್‌ನಲ್ಲಿ ನಿರ್ದೇಶಕ ರೊಸ್ಸೆಲ್ಲಿನಿಯ ಚಿತ್ರದ ಜೊತೆ ಇದು ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಚಿನ್ನದ ಸಿಂಹವನ್ನ ಹಂಚಿಕೊಂಡಿತು. ನಟರಾದ ಸೋರ್ದಿ, ಗಾಸ್ಮನ್ ಇಬ್ಬರೂ ಇಲ್ಲಿ ಕೆಲಸ ತಪ್ಪಿಸಿಕೊಳ್ಳೋ ಸಿಪಾಯಿಗಳು, ನಿಜ. ಆದರೆ ಗೇಲಿಗೆ ಸಿಗೋದು ಸಿಪಾಯಿ ಅಲ್ಲ. ಮೊದಲ ಮಹಾಯುದ್ಧವನ್ನ ಬರೀ ವೀರಗಾಥೆಯಾಗಿ ಹೇಳಿಕೊಂಡು ಬಂದ ಸುಳ್ಳು. ರಜೆ, ರೇಶನ್, ಮನೆಯ ಕಾಗದ ಇವಕ್ಕೆ ಕಾಯೋ ಜೀವನ ನಿಮ್ಮ ಸಭೆಗೆ ಯಾರೂ ವಿವರಿಸಬೇಕಿಲ್ಲ. ಆ ಯುದ್ಧದಲ್ಲಿ ಇಟಲಿ ಸೈನ್ಯ ಕಂಡ ಕಾಪೊರೆತ್ತೊ ಸೋಲು (1917) ಏನು ಅಂತ ಮಾತ್ರ ಎರಡು ವಾಕ್ಯದಲ್ಲಿ ಹೇಳಿಬಿಡಿ. ಕೊನೆ ಏನು ಅಂತ ದಯವಿಟ್ಟು ಯಾರೂ ಬಾಯಿ ಬಿಡಬಾರದು. ಮಧ್ಯಂತರ ಬೇಕೇ ಬೇಕಾದ್ರೆ ಮೊದಲರ್ಧದಲ್ಲೇ ಕೊಡಿ. ಕೊನೆಯ ಮುಕ್ಕಾಲು ಗಂಟೆ ಕಡಿದರೆ ಚಿತ್ರವೇ ಕೆಡುತ್ತೆ.

ಪರದೆ_ಪ್ರೊಜೆಕ್ಟರ್:
ಸಬ್‌ಟೈಟಲ್ ಹಿಂದೆ ಬೀಳೋಕೆ ಕಾರಣ ಫ್ರೇಮ್ ರೇಟ್. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಯುರೋಪಿನ ಡಿವಿಡಿ 25. 24ಕ್ಕೆ ಕೂರಿಸಿದ ಸಬ್‌ಟೈಟಲ್ ಅಲ್ಲಿ 100 ನಿಮಿಷಕ್ಕೆ ಸುಮಾರು 4 ನಿಮಿಷ ತಡ. ವಿಎಲ್‌ಸಿ ಪ್ಲೇಯರಿನಲ್ಲಿ ಜಿ, ಎಚ್ ಕೀಲಿ ಒತ್ತಿದರೆ ಎಲ್ಲ ಸಾಲೂ ಒಂದೇ ಅಳತೆಗೆ ಸರಿಯುತ್ತೆ, ಹಾಗಾಗಿ ಪ್ರಯೋಜನವಿಲ್ಲ. ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ರೇಟ್ 23.976ರಿಂದ (ವಿಡಿಯೊ ಫೈಲಲ್ಲಿ 24 ಸಾಮಾನ್ಯವಾಗಿ ಹೀಗಿರುತ್ತೆ) 25ಕ್ಕೆ ಬದಲಿಸಿ, ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ. ಇಲ್ಲದಿದ್ರೆ ಕನ್ನಡ ಅಕ್ಷರ ಕೆಟ್ಟು ಬರುತ್ತೆ.

ಯುದ್ಧದ ಚಿತ್ರ ಸಿನಿಮಾಸ್ಕೋಪ್, ಅಂದ್ರೆ ಅಗಲ ಎತ್ತರದ 2.35 ಪಟ್ಟು. ಎಂಟು ಅಡಿ ಅಗಲದ 16:9 ಪರದೆಯಲ್ಲಿ ಎತ್ತರ ಸುಮಾರು 3.4 ಅಡಿಗೆ ಇಳಿದು, ಮೇಲೂ ಕೆಳಗೂ ಆರೂವರೆ ಇಂಚು ಕಪ್ಪು ಪಟ್ಟಿ ಉಳಿಯುತ್ತೆ. ಜೂಮ್ ಮಾಡಿ ತುಂಬಿಸಬೇಡಿ, ಅಂಚಲ್ಲಿರೋ ಸಿಪಾಯಿಗಳು ಕತ್ತರಿಸಿ ಹೋಗ್ತಾರೆ. ಸಬ್‌ಟೈಟಲನ್ನ ಕೆಳಗಿನ ಪಟ್ಟಿಗಿಳಿಸಿ.

ತುಟಿಗೂ ಮಾತಿಗೂ ಹೊಂದದಿದ್ರೆ ಆಪರೇಟರನ್ನ ಬೈಬೇಡಿ. ಆ ಕಾಲದ ಇಟಲಿಯಲ್ಲಿ ಧ್ವನಿಯನ್ನ ಆಮೇಲೆ ಸೇರಿಸ್ತಿದ್ರು, ಮೊದಲ ಚಿತ್ರದ ನಟಿ ಕಾರ್ದಿನಾಲೆಯ ಧ್ವನಿಯೂ ಬೇರೆಯವರದ್ದೇ.

ಹಳೇ_ರೀಲು:
ಒಂದು ಬಿಟ್ಟುಹೋಯ್ತು. ಡಿವಿಡಿ ಕೊಂಡ ಮಾತ್ರಕ್ಕೆ ಸಭೆಯಲ್ಲಿ ತೋರಿಸೋ ಹಕ್ಕು ಬರಲ್ಲ. ಹಕ್ಕುದಾರರ ಅನುಮತಿ ಈಗಲೇ ಕೇಳಿ. ಇದು ಜನಕ್ಕೆ ಹಿಡಿಸಿದ್ರೆ ಮುಂದೆ 'ಇ ಕೊಂಪಾನ್ಯಿ' (1963), ಆಮೇಲೆ ಸೋರ್ದಿಯ 'ಉನ್ ಬೊರ್ಗೇಸೆ ಪಿಕ್ಕೊಲೊ ಪಿಕ್ಕೊಲೊ' (1977). ಎರಡನೆಯದು ನಗುತ್ತಾ ಶುರುವಾಗಿ ತುಂಬಾ ಕತ್ತಲೆಗೆ ಇಳಿಯುತ್ತೆ, ಮಕ್ಕಳನ್ನ ಕರೆತರಬೇಡಿ ಅಂತ ಮೊದಲೇ ಹೇಳಿ.