ಸಹಾಯ ಬೇಕು: ಸ್ಕ್ಯಾನರ್ ಒಳಗೆ ತೆಗೆದ ಇಇಜಿಯಲ್ಲಿ ಎದೆಬಡಿತದ ಗಲಾಟೆ ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಪಿಎಚ್‌ಡಿಗಾಗಿ 3 ಟೆಸ್ಲಾ ಸ್ಕ್ಯಾನರ್‌ನಲ್ಲಿ ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್), ಇಇಜಿ (ತಲೆಯ ಮೇಲಿಂದ ಅಳೆಯುವ ಮೆದುಳಿನ ವಿದ್ಯುತ್ ಸಂಕೇತ) ಎರಡನ್ನೂ ಒಟ್ಟಿಗೆ ತೆಗೆದಿದ್ದೇನೆ. ಕಣ್ಣು ಮುಚ್ಚಿದಾಗ ಜಾಸ್ತಿಯಾಗುವ ಆಲ್ಫಾ ಅಲೆಗೂ (8ರಿಂದ 12 ಹರ್ಟ್ಸ್) ಬೋಲ್ಡ್ ಸಿಗ್ನಲ್‌ಗೂ (ರಕ್ತದ ಆಮ್ಲಜನಕದ ಬದಲಾವಣೆಯಿಂದ ಎಫ್‌ಎಂಆರ್‌ಐಯಲ್ಲಿ ಕಾಣುವುದು) ಏನು ನಂಟು ಅಂತ ನೋಡಬೇಕು. ಗ್ರೇಡಿಯೆಂಟ್ ನಾಯ್ಸ್ (ಸ್ಕ್ಯಾನರ್‌ನ ಬದಲಾಗುವ ಕಾಂತಕ್ಷೇತ್ರದಿಂದ ಇಇಜಿಗೆ ಸೇರುವ ಗಲಾಟೆ) ತೊಂದರೆ ಕೊಡಲಿಲ್ಲ. 5000 ಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ, ಎರಡೂ ಯಂತ್ರಗಳ ಕ್ಲಾಕ್ ಹೊಂದಿಸಿದ್ದೆ. ಆ ಗಲಾಟೆಯ ಸರಾಸರಿ ತೆಗೆದು ಇಇಜಿಯಿಂದ ಕಳೆದರೆ ಸಲೀಸಾಗಿ ಹೋಯಿತು.

ತಲೆನೋವು ಇರುವುದು ಎದೆಬಡಿತದ್ದು. ಒಂದೊಂದು ಬಡಿತಕ್ಕೂ ತಲೆ ಚೂರು ಅಲುಗುತ್ತದೆ ಅಲ್ವಾ, ಅಷ್ಟು ದೊಡ್ಡ ಅಯಸ್ಕಾಂತದೊಳಗೆ ಅಷ್ಟೇ ಸಾಕು, ಇಇಜಿ ಪೂರ್ತಿ ಕುಣಿಯುತ್ತದೆ. ಅದನ್ನು ತೆಗೆಯಲು ಇಸಿಜಿಯ ಆರ್ ಪೀಕ್ (ಒಂದೊಂದು ಬಡಿತಕ್ಕೂ ಬರುವ ಚೂಪಾದ ಏರು) ಬೇಕು. ಆದರೆ ಸ್ಕ್ಯಾನರ್ ಒಳಗೆ ರಕ್ತದ ಹರಿವಿನಿಂದಲೇ, ಆರ್ ಆದ ಮೇಲೆ ಬರುವ ಟಿ ಅಲೆ ಉಬ್ಬುತ್ತದೆ, ಸಾಫ್ಟ್‌ವೇರ್ ಅದನ್ನೇ ಆರ್ ಅಂದುಕೊಳ್ಳುತ್ತದೆ. ಕೈಯಲ್ಲೇ ತಿದ್ದಿ ನೋಡಿದೆ. 20 ನಿಮಿಷದ ಒಂದು ಫೈಲಿಗೆ ಅರ್ಧ ದಿನ ಹೋಯಿತು! ಓಬಿಎಸ್‌ನಲ್ಲಿ (ಗಲಾಟೆಯ ಮುಖ್ಯ ಆಕಾರಗಳನ್ನು ಹುಡುಕಿ ಕಳೆಯುವ ವಿಧಾನ) 3 ಕಾಂಪೊನೆಂಟ್ ತೆಗೆದರೆ ಗಲಾಟೆ ಉಳಿಯುತ್ತದೆ, 6 ತೆಗೆದರೆ ಆಲ್ಫಾನೂ ಜೊತೆಗೇ ಹೋಗುತ್ತದೆ. ಐಸಿಎ (ಬೆರೆತ ಸಿಗ್ನಲ್ ಬಿಡಿಸುವ ವಿಧಾನ) ಮಾಡಿದರೆ ಯಾವುದು ಎದೆಬಡಿತ, ಯಾವುದು ಮೆದುಳು ಅಂತಲೇ ಗೊತ್ತಾಗುತ್ತಿಲ್ಲ.

ಪುಣ್ಯಕ್ಕೆ ಬೆರಳಿಗೆ ಹಾಕಿದ್ದ ಪಲ್ಸ್ ಆಕ್ಸಿಮೀಟರ್‌ನ ಡೇಟಾ ಇದೆ. ಅದರಲ್ಲಿ ಪೀಕ್‌ಗಳು ಸ್ವಚ್ಛವಾಗಿವೆ. ಆದರೆ ನಾಡಿ ಬೆರಳಿಗೆ ತಲುಪುವುದು ಆರ್ ಪೀಕ್ ಆದ ಮೇಲೆ, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ ತಡ. ಇಸಿಜಿ ಆದರೆ ಆರ್ ಪೀಕ್‌ನಿಂದ ಇಇಜಿಯಲ್ಲಿ ಗಲಾಟೆ ಕಾಣುವವರೆಗೆ ಸುಮಾರು 210 ಮಿಲಿಸೆಕೆಂಡ್ ತಡ ಹಿಡಿಯುತ್ತಾರೆ.

ನನ್ನ ಪ್ರಶ್ನೆ ಇಷ್ಟೇ: ಇಸಿಜಿ ಬಿಟ್ಟು ಬೆರಳಿನ ನಾಡಿಯನ್ನೇ ಬಳಸಿದರೆ, ಆ ತಡವನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆ ಲೆಕ್ಕ ಹಾಕಬೇಕಾ, ಇಲ್ಲಾ ಎಲ್ಲರಿಗೂ ಒಂದೇ ಇಟ್ಟರೆ ನಡೆಯುತ್ತದಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.