ಹೊಟ್ಟೆಯಲ್ಲಿ ನಿಂತ ಕರುವನ್ನು ಹಸುವಿನ ಮೈಯೇ ಹೊರಗೆ ಹಾಕುತ್ತದೆಯಾ?

ಹಟ್ಟಿಮನೆ ಕೇಳಿದ್ದು:

ನಮ್ಮ ಗೌರಿಗೆ ಇದು ಮೂರನೇ ಸೂಲಾಗಬೇಕಿತ್ತು. ಬೆಳಿಗ್ಗೆ ಬೆದೆ ಕಂಡಿತು, ಅದೇ ಸಂಜೆ ಸೆಮೆನ್ ಹಾಕಿಸಿದೆ. 21ನೇ ದಿನ ಹಗಲೂ ರಾತ್ರಿ ಕಾದು ನೋಡಿದೆ. ಕೂಗಲಿಲ್ಲ, ಲೋಳೆಯೂ ಇಲ್ಲ, ಆರಾಮಾಗಿ ಮೆಲುಕು ಹಾಕುತ್ತಿದ್ದಳು. ಗಬ್ಬ ನಿಂತಿತು ಅಂತ ಮನೆಯವರಿಗೆಲ್ಲ ಹೇಳಿಬಿಟ್ಟೆ. 27ನೇ ದಿನ ಬೆಳಿಗ್ಗೆ ಹಾಲು ಕರೆಯಲು ಕೂತರೆ, ಬಾಲದ ಬುಡದಿಂದ ಗಾಜಿನಂಥ ಲೋಳೆ ನೂಲಿನ ಹಾಗೆ ಇಳಿಯುತ್ತಿತ್ತು. ತುಂಬಾ ಬೇಜಾರಾಯಿತು.

ಪರಿಚಯದವರೊಬ್ಬರು, "ಕರುವಿನಲ್ಲಿ ಅರ್ಧ ಹೋರಿಯದು. ತಾಯಿ ಮೈಗೆ ಅದು ಪರಕೀಯ, ಅದಕ್ಕೇ ಹೊರಗೆ ಹಾಕಿದೆ" ಅಂದರು. ನಿಜವಾ? ಹಾಗಾದರೆ ಉಳಿದ ಹಸುಗಳಲ್ಲಿ ಯಾಕೆ ನಿಲ್ಲುತ್ತದೆ? ಇದಕ್ಕೆ ಸೂಜಿ ಏನಾದರೂ ಇದೆಯಾ? ಇನ್ನೊಂದು ವಿಷಯ, ಸೆಮೆನ್ ಹಾಕಿಸಿ ಒಂದು ವಾರಕ್ಕೆ ಒಂದು ಮೊಲೆಗೆ ಕೆಚ್ಚಲು ಬಾವು ಬಂದು ವಾಸಿಯಾಗಿತ್ತು. ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ.

ಪಶುವೈದ್ಯೆ:

ನಿಮ್ಮ ಪರಿಚಯದವರು ಎತ್ತಿದ ಪ್ರಶ್ನೆ ದೊಡ್ಡದು. ಪೀಟರ್ ಮೆಡಾವರ್ ಎಂಬ ವಿಜ್ಞಾನಿ 1953ರಲ್ಲಿ ಇದನ್ನೇ ಕೇಳಿದ್ದರು. ಬೇರೆಯವರ ಅಂಗ ಜೋಡಿಸಿದರೆ ಮೈ ಅದನ್ನು ಒಪ್ಪುವುದಿಲ್ಲ, ಹಾಗಿರುವಾಗ ಅರ್ಧ ಬೇರೆಯದೇ ಆದ ಮರಿಯನ್ನು ತಾಯಿ ಹೇಗೆ ಹೊರುತ್ತಾಳೆ ಅಂತ. ಆದರೆ ಹಸು ಸುಮ್ನೆ ಸಹಿಸಿಕೊಂಡಿರುತ್ತದೆ ಅಂತಲ್ಲ. ಅದಕ್ಕೆ ಭ್ರೂಣದ ಸುದ್ದಿ ಮುಟ್ಟುತ್ತದೆ, ಅದು ಉತ್ತರವನ್ನೂ ಕೊಡುತ್ತದೆ.

ಓದುವಾಗ ಒಮ್ಮೆ 17ನೇ ದಿನದ ಭ್ರೂಣವನ್ನು ಗರ್ಭಕೋಶದಿಂದ ತೊಳೆದು ತೆಗೆದದ್ದನ್ನು ನೋಡಿದ್ದೆ. ತಟ್ಟೆಯ ನೀರಿನಲ್ಲಿ ಒದ್ದೆ ಹತ್ತಿಯ ಎಳೆ ಬಿದ್ದ ಹಾಗೆ, ಬೆಳ್ಳಗೆ, ಹತ್ತಿರ ಹತ್ತಿರ ಒಂದು ಗೇಣು ಉದ್ದ. ಕೆಲವೇ ದಿನ ಮುಂಚೆ ಅದು ಕೆಲವು ಮಿಲಿಮೀಟರ್ ಅಷ್ಟೇ ಇರುತ್ತದೆ. ಅದಿನ್ನೂ ಎಲ್ಲಿಯೂ ಅಂಟಿಕೊಂಡಿರಲಿಲ್ಲ. ಅಂಟುವುದು ಶುರುವಾಗುವುದೇ 19–20ನೇ ದಿನದ ಸುಮಾರಿಗೆ. ಆದರೆ ಅದಕ್ಕೂ ಮೊದಲೇ ಆ ಎಳೆ 'ನಾನಿದ್ದೇನೆ' ಅಂತ ತಾಯಿಗೆ ತಿಳಿಸಬೇಕು. ತಿಳಿಸದಿದ್ದರೆ ಗರ್ಭಕೋಶ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬಿಡುತ್ತದೆ. ಆಗ ಅಂಡಾಶಯದ ಹಳದಿ ಗಂಟು ಕರಗಿ, ಅದು ತಯಾರಿಸುವ, ಗಬ್ಬ ಉಳಿಸುವ ಹಾರ್ಮೋನ್ ಪ್ರೊಜೆಸ್ಟರಾನ್ ನಿಂತುಹೋಗಿ, ಹಸು ಬೆದೆಗೆ ಬರುತ್ತದೆ.

ಸುದ್ದಿ ಹೋಗುವುದು ಇಂಟರ್ಫೆರಾನ್ ಟೌ ಎಂಬ ಪ್ರೋಟೀನಿನಿಂದ. ಈ ಪ್ರೋಟೀನನ್ನು 1982ರಲ್ಲಿ ಕುರಿಯ ಭ್ರೂಣದಲ್ಲಿ ಕಂಡರು. 1987ರಲ್ಲಿ ಅದು ಇಂಟರ್ಫೆರಾನ್ ಜಾತಿಯದು ಅಂತ ಗೊತ್ತಾಯಿತು. ನನಗೆ ಇವತ್ತಿಗೂ ಇದು ಬೆರಗಿನ ವಿಷಯ. ಯಾಕೆಂದರೆ ಇಂಟರ್ಫೆರಾನ್ ಅಂದರೆ ವೈರಸ್ ಬಂದಾಗ ಮೈ ಕೂಗುವ ಎಚ್ಚರಿಕೆ. ಅದೇ ಜಾತಿಯ ಸಂಕೇತವನ್ನು ಬಳಸಿ ಕರು ತನ್ನ ಸುದ್ದಿ ಮುಟ್ಟಿಸುತ್ತದೆ! ತಾಯಿಯ ಬಿಳಿ ರಕ್ತಕಣಗಳಲ್ಲಿ ವೈರಸ್ ತಡೆಯುವ ಜೀನ್‌ಗಳು ಎದ್ದು ಕೂರುತ್ತವೆ. ಗರ್ಭಕೋಶದ ಒಳಪದರದಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕಣಗಳು ಜಾಸ್ತಿಯಾಗುತ್ತವೆ. ಅವು ಭ್ರೂಣದ ಮೇಲೆ ಬೀಳುವುದಿಲ್ಲ. ಪ್ರೊಜೆಸ್ಟರಾನ್ ಕೂಡ ಗರ್ಭಕೋಶದೊಳಗಿನ ದಾಳಿಯನ್ನು ತಗ್ಗಿಸುತ್ತದೆ. ಭ್ರೂಣವೂ ಹುಷಾರು. 'ನಾನು ಯಾರು' ಎಂದು ತೋರಿಸುವ ಎಂಎಚ್‌ಸಿ ಗುರುತುಗಳನ್ನು ತನ್ನ ಹೊರಪದರದಲ್ಲಿ ಶುರುವಿನ ದಿನಗಳಲ್ಲಿ ಬಹುತೇಕ ಮುಚ್ಚಿಟ್ಟುಕೊಂಡಿರುತ್ತದೆ. ಕ್ಲೋನ್ ಮಾಡಿದ ಭ್ರೂಣಗಳಲ್ಲಿ ಈ ಗುರುತು ಹೊತ್ತಲ್ಲದ ಹೊತ್ತಿನಲ್ಲಿ ಕಾಣಿಸಿಕೊಂಡು, ತಾಯಿಯ ಕಣಗಳು ಅಲ್ಲಿ ಗುಂಪುಗೂಡಿದ್ದನ್ನು ನೋಡಿದ್ದಾರೆ. ಹಾಗಾಗಿ 'ಪರಕೀಯ ಅಂತ ಹೊರಗೆ ಹಾಕುವುದು' ಆಗದ ಮಾತೇನಲ್ಲ. ಆದರೆ ಸಾಮಾನ್ಯ ಹಸುವಿನಲ್ಲಿ ಗಬ್ಬ ಹೋಗಲು ಅದೇ ಕಾರಣ ಅನ್ನಬಾರದು.

ಗೌರಿಯದು 27 ದಿನ. ಫಲವೇ ನಿಲ್ಲದಿದ್ದರೆ ಸಾಮಾನ್ಯವಾಗಿ 18ರಿಂದ 24 ದಿನದೊಳಗೆ ಬೆದೆ ಬರಬೇಕಿತ್ತು. ಭ್ರೂಣ ನಿಂತು, ಸುದ್ದಿ ಮುಟ್ಟಿಸಿ, ಆಮೇಲೆ ಹೋಗಿರಬಹುದು. ಒಂದೇ ಸಲದ್ದು ನೋಡಿ ಖಚಿತವಾಗಿ ಹೇಳಲಾಗದು. ಕೆಚ್ಚಲು ಬಾವನ್ನು ಹೇಳಿದ್ದು ಒಳ್ಳೆಯದಾಯಿತು. ಸೆಮೆನ್ ಹಾಕಿಸಿದ ಮೊದಲ ಕೆಲವು ವಾರಗಳಲ್ಲಿ ಕೆಚ್ಚಲು ಬಾವು ಬಂದ ಹಸುಗಳಲ್ಲಿ ಗಬ್ಬ ಹೋಗುವುದು ಜಾಸ್ತಿ. ಉರಿಯೂತ ಕೆಚ್ಚಲಿನಲ್ಲೇ ನಿಲ್ಲುವುದಿಲ್ಲ. ಅದರ ಸಂಕೇತಗಳು ರಕ್ತದ ಮೂಲಕ ಮೈಯೆಲ್ಲ ಹರಡುತ್ತವೆ.

ಸೂಜಿ ಬೇಡ. ಮೈಯ ಕಾವಲನ್ನು ತಗ್ಗಿಸುವ ಸ್ಟಿರಾಯ್ಡನ್ನಂತೂ ಯಾರೇ ಹೇಳಿದರೂ ಹಾಕಿಸಬೇಡಿ. ತುಂಬು ಗಬ್ಬದ ಹಸುವಿಗೆ ಕೊಟ್ಟರೆ ಅದು ಕಂದು ಹಾಕಿಸುತ್ತದೆ.

ಲ್ಯಾಬ್‌ನವನು:

ಮೇಡಂ ಹೇಳಿದ ಆ ಜೀನ್‌ಗಳನ್ನೇ (ಐಎಸ್‌ಜಿ15, ಎಂಎಕ್ಸ್2 ಮುಂತಾದವು) ರಕ್ತದಲ್ಲಿ ಅಳೆದರೆ 18–20ನೇ ದಿನಕ್ಕೇ ಸುಳಿವು ಸಿಗುತ್ತದೆ. ಆದರೆ ಹಸುವಿಗೆ ಆಗಲೇ ವೈರಸ್ ಸೋಂಕಿದ್ದರೂ ಅವೇ ಏರುತ್ತವೆ. ಹಾಗಾಗಿ 'ಗಬ್ಬ ಇಲ್ಲ' ಅನ್ನುವುದಕ್ಕೆ ಅದು ಜಾಸ್ತಿ ಉಪಯೋಗ. ಈಗ ರೈತರ ಕೈಗೆ ಸಿಗುವುದು ಪಿಎಜಿ (ಗಬ್ಬದ ಹಸುವಿನ ರಕ್ತದಲ್ಲಿ ಕಾಣುವ ಪ್ರೋಟೀನ್) ಪರೀಕ್ಷೆ, 28ನೇ ದಿನದ ನಂತರ. ಒಮ್ಮೆ ಗಬ್ಬ ಅಂತ ಬಂದರೂ 60 ದಿನಕ್ಕೆ ಇನ್ನೊಮ್ಮೆ ನೋಡಿಸಿ. ಭ್ರೂಣ ಹೋದ ಮೇಲೂ ಪಿಎಜಿ ಕೆಲವು ದಿನ ರಕ್ತದಲ್ಲಿ ಉಳಿದಿರುತ್ತದೆ.

ಮೂರುಹಸು:

ಮೇಡಂ, ಒಂದು ಸಂಶಯ. ತಾಯಿ ಮೈ ಕರುವನ್ನು ಒಪ್ಪಿಕೊಂಡಿರುತ್ತದೆ ಅಂದಿರಲ್ಲ, ಕರು ಹಾಕಿದ ಮೇಲೆ ಕಸ (ಮಾಸು) ಬೀಳದೇ ಇರುವುದಕ್ಕೂ ಇದಕ್ಕೂ ಸಂಬಂಧ ಇದೆಯಾ? ನಮ್ಮ ಹಸುವಿಗೆ ಹೋದ ಸಲ ಎರಡು ದಿನ ಬೀಳಲೇ ಇಲ್ಲ.

ಪಶುವೈದ್ಯೆ:

ಇದೆ, ಅದೂ ತಿರುಗುಮುರುಗಾಗಿ! ಗಬ್ಬದ ಕೊನೆಗೆ ಕಸದ ಮೇಲೆ ಆ ಎಂಎಚ್‌ಸಿ ಗುರುತುಗಳು ಕಾಣಿಸಿಕೊಳ್ಳುತ್ತವೆ. ಆಗ ತಾಯಿಯ ಕಣಗಳು ಅದನ್ನು ಬೇರೆಯದು ಅಂತ ಗುರುತಿಸಿ, ಅದು ಅಂಟಿಕೊಂಡಿರುವ ಗರ್ಭಕೋಶದ ಗುಂಡಿಯಂಥ ಉಬ್ಬುಗಳಿಂದ ಬಿಡಿಸಲು ನೆರವಾಗುತ್ತವೆ. ಕರುವಿನ ಗುರುತು ತಾಯಿಯದಕ್ಕೆ ತೀರಾ ಹೋಲುತ್ತಿದ್ದರೆ ಕಸ ಉಳಿಯುವುದು ಜಾಸ್ತಿ ಅಂತ ಕಂಡಿದ್ದಾರೆ. ಬಿಳಿಕಣಗಳು ಬಲಹೀನವಾಗಿದ್ದರೂ ಹಾಗೆಯೇ. ಕೈ ಹಾಕಿ ಎಳೆಯಬೇಡಿ, ಒಳಪದರ ಗಾಯವಾಗುತ್ತದೆ. ಜ್ವರ ಬಂದರೆ, ಮೇವು ಬಿಟ್ಟರೆ ತಡಮಾಡದೆ ವೈದ್ಯರನ್ನು ಕರೆಸಿ.

ಹಟ್ಟಿಮನೆ:

ತುಂಬಾ ಥ್ಯಾಂಕ್ಸ್ ಮೇಡಂ, ಸರ್. ಸೂಜಿ ಯೋಚನೆ ಬಿಟ್ಟೆ. 27ರಂದು ಬೆದೆ ಕಂಡರೂ ಈ ಸಲ ಸೆಮೆನ್ ಹಾಕಿಸಿಲ್ಲ. ನಾಳೆ ನಾಲ್ಕೂ ಮೊಲೆಯ ಹಾಲು ಪರೀಕ್ಷೆಗೆ ಕೊಡುತ್ತೇನೆ. ಬಾವು ಒಳಗೊಳಗೇ ಉಳಿದಿಲ್ಲ ಅಂತ ಗೊತ್ತಾದ ಮೇಲೆ ಮುಂದಿನ ಬೆದೆಗೆ ನೋಡುತ್ತೇನೆ. ದಿನ ಬರೆದಿಡಲು ಕೊಟ್ಟಿಗೆಯ ಗೋಡೆಗೆ ಕ್ಯಾಲೆಂಡರ್ ಹಾಕಿದ್ದೇನೆ, 18, 24, 28, 60 ಅಂತ ಈಗಲೇ ಮೇಲೆ ಬರೆದುಕೊಂಡಿದ್ದೇನೆ.