ಸಹಾಯ ಬೇಕು: ಸ್ಯಾನ್ ಫ್ರಾನ್ಸಿಸ್ಕೋ ಯೂತ್ ಕಮಿಷನ್‌ಗೆ ಮಗಳ ಅರ್ಜಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ 16 ವರ್ಷ. ಇಲ್ಲಿನ ಸಿಟಿ ಯೂತ್ ಕಮಿಷನ್ (ಯುವಜನರ ವಿಷಯದಲ್ಲಿ ನಗರದ ಆಡಳಿತಕ್ಕೆ ಸಲಹೆ ಕೊಡುವ ಯುವಕರ ಸಮಿತಿ) ಸೇರಲೇಬೇಕು ಅಂತ ಹಠ ಹಿಡಿದಿದ್ದಾಳೆ. 12ರಿಂದ 23 ವರ್ಷದವರಿಗೆ ಒಟ್ಟು 17 ಸೀಟು. 11 ಸೂಪರ್‌ವೈಸರ್‌ಗಳು (ಒಂದೊಂದು ಏರಿಯಾದಿಂದ ಗೆದ್ದು ಬಂದ, ನಮ್ಮೂರ ಕಾರ್ಪೊರೇಟರ್‌ಗಳಂಥವರು) ತಲಾ ಒಬ್ಬರನ್ನು ಆರಿಸುತ್ತಾರೆ, ಮೇಯರ್ ಒಬ್ಬರನ್ನು. ಅಲ್ಲಿಗೆ ಸರಿ. ಉಳಿದ 5 ಸೀಟಿಗೂ ಮೇಯರೇ ನೇಮಿಸುತ್ತಾರೆ, ಸಾಕಷ್ಟು ದನಿ ಸಿಗದ ಸಮುದಾಯಗಳಿಗಾಗಿ. ನನ್ನ ತಲೆ ಕೆಟ್ಟಿರುವುದು ಇಲ್ಲೇ.

ಕೇಳೋಣ ಅಂತ ಒಂದು ಆಫೀಸಿಗೆ ಎರಡು ಸಲ ಫೋನ್ ಮಾಡಿದೆ, ಬರೀ ವಾಯ್ಸ್‌ಮೇಲ್. ಇವಳು ಆಗಲೇ ಬಸ್ ಸ್ಟಾಪಿಗೆ ದೀಪ ಬೇಕು ಅಂತ ಎರಡು ಪುಟ ಬರೆದು ಮುಗಿಸಿದ್ದಾಳೆ. ಅಮ್ಮ ತಿದ್ದುವ ಹಾಗಿಲ್ಲವಂತೆ!

ನಮ್ಮಂಥ ಕನ್ನಡದ ಮನೆಯ ಹುಡುಗಿ ಆ 5 ಸೀಟಿಗೆ ಕೇಳಬಹುದಾ, ಇಲ್ಲ ನಮ್ಮ ಏರಿಯಾದ ಸೂಪರ್‌ವೈಸರ್ ಸೀಟಿಗೇ ಹೋಗಬೇಕಾ? ನಿಮ್ಮ ಮಕ್ಕಳು ಯಾರಾದರೂ ಅರ್ಜಿ ಹಾಕಿದ್ದರೆ, ಯಾವುದಕ್ಕೆ ಹಾಕಿದರು ಹೇಳ್ತೀರಾ?